ರೇಟು 28 ಸಾವಿರ, ಬಿಲ್ಲು ಎಷ್ಟಾಗುತ್ತೆ?

ಪ್ರಶ್ನೆ: ನಮ್ಮಮ್ಮನಿಗೆ 78 ವರ್ಷ, ಶಿವಮೊಗ್ಗದ ವಿನೋಬನಗರದಲ್ಲಿ ಸ್ವಂತ ಮನೇಲಿ ಒಬ್ರೇ ಇದಾರೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ರು, ಈಗಿಲ್ಲ. ಹೋದ ಮಳೆಗಾಲ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯ್ತು, ಈಗ ವಾಕರ್ ಹಿಡ್ಕೊಂಡು ಓಡಾಡ್ತಾರೆ, ರಾತ್ರಿ ಮಾತ್ರ ಡೈಪರ್. ಫಿಸಿಯೋದವರು ಒಂದು ಸಲಕ್ಕೆ 500 ತಗೋತಾರೆ, ತಿಂಗಳಿಗೆ 12 ಸಲ ಬರಬೇಕು. ಮಾತ್ರೆಗೆ 2,500 ಆಗುತ್ತೆ. ಊರ ಹೊರಗೆ ಹೊಸದಾಗಿ ಆಗಿರೋ ಒಂದು ಅಸಿಸ್ಟೆಡ್ ಲಿವಿಂಗ್ ಹೋಮ್‌ನವರು ತಿಂಗಳಿಗೆ 28 ಸಾವಿರ, ಡೆಪಾಸಿಟ್ 2 ಲಕ್ಷ ಅಂತಿದಾರೆ. ಏಜೆನ್ಸಿಯಿಂದ 24 ಗಂಟೆ ಹೋಮ್ ನರ್ಸ್ ಇಟ್ಕೊಂಡ್ರೆ 22 ಸಾವಿರ. ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ 19 ಸಾವಿರ, ಮೇಲಿನ ಮನೆ ಬಾಡಿಗೆ 7 ಸಾವಿರ ಬರುತ್ತೆ, ಬ್ಯಾಂಕಲ್ಲಿ ಎಫ್‌ಡಿ 18 ಲಕ್ಷ ಇದೆ. ನಾನು ಬೆಂಗಳೂರಲ್ಲಿ, ತಮ್ಮ ಅಮೆರಿಕಾದಲ್ಲಿ. ಹೋಮ್‌ನವರ ಅಗ್ರಿಮೆಂಟ್ ಕಾಪಿ ಜೊತೆಗಿಟ್ಟಿದೀನಿ, ನೋಡಿ ಹೇಳಿ. ಅಮ್ಮ ಮಾತ್ರ ಮನೆ ಬಿಟ್ಟು ಎಲ್ಲೂ ಬರಲ್ಲ ಅಂತಿದಾರೆ.
(ಹೆಸರು ಬೇಡ, ಬೆಂಗಳೂರು)

ಉತ್ತರ: ಅಗ್ರಿಮೆಂಟ್ ಪೂರ್ತಿ ಓದಿದೆ, ಸಣ್ಣಕ್ಷರದ್ದೂ ಸೇರಿಸಿ. 28 ಸಾವಿರದಲ್ಲಿ ರೂಮು, ಊಟ ತಿಂಡಿ, ಬಟ್ಟೆ ಒಗೆಯೋದು, ಸ್ನಾನ ಮಾಡಿಸೋದು, ದಿನಾ ಬಿಪಿ ಶುಗರ್ ನೋಡೋದು ಇಷ್ಟೇ ಇರೋದು. ಮಾತ್ರೆ, ಡೈಪರ್, ಫಿಸಿಯೋ, ಆಸ್ಪತ್ರೆಗೆ ಕರ್ಕೊಂಡು ಹೋಗೋ ಗಾಡಿ, ಜೊತೆಗೆ ಹೋಗೋ ಆಳು, ಎಲ್ಲಾ ಬೇರೆ ಚಾರ್ಜು. ಮಾತ್ರೆ 2,500, ಫಿಸಿಯೋ 6,000, ರಾತ್ರಿಗೊಂದು ಡೈಪರ್ 40 ರೂಪಾಯಿ ಅಂತ ಇಟ್ಕೊಂಡ್ರೂ 1,200, ಒಟ್ಟು 37,700 ಆಯ್ತು. ಆಸ್ಪತ್ರೆಗೆ ಒಂದು ಸಲ ಹೋಗಿ ಬಂದ್ರೆ ಅದು ಬೇರೆ.

ಮನೇಲೇ ಹೋಮ್ ನರ್ಸ್ ಅಂದ್ರೆ 22 ಸಾವಿರ, ಅವರ ಊಟ ತಿಂಡಿಗೆ ಒಂದು 4 ಸಾವಿರ ಹಿಡೀರಿ, ಮಾತ್ರೆ ಫಿಸಿಯೋ ಡೈಪರ್ ಇಲ್ಲೂ ತಪ್ಪಿದ್ದಲ್ಲ, 35,700. ಅಡುಗೆಯವರು ಇದ್ರೆ ಅವರ ಸಂಬಳ ಅದರ ಮೇಲೆ, ಯಾಕಂದ್ರೆ ಏಜೆನ್ಸಿಯಿಂದ ಬರೋರು ಪೇಷಂಟ್ ಕೆಲಸ ಬಿಟ್ಟು ಮನೆಮಂದಿಗೆಲ್ಲ ಅಡುಗೆ ಮಾಡಲ್ಲ, ಅದು ಅವರ ತಪ್ಪೂ ಅಲ್ಲ. ಅಂದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಆಯ್ತು ನೋಡಿ, ದುಡ್ಡು ನೋಡಿ ತೀರ್ಮಾನ ಮಾಡೋಕೆ ಇಲ್ಲಿ ಏನೂ ಇಲ್ಲ.

ನೋಡಬೇಕಾಗಿರೋದು ಇವತ್ತಿನ ರೇಟಲ್ಲ, ಅಮ್ಮ ಹಾಸಿಗೆ ಹಿಡಿದ್ರೆ ಆಗೋ ರೇಟು. ನಿಮ್ಮ ಅಗ್ರಿಮೆಂಟಿನ ನಾಲ್ಕನೇ ಪುಟದಲ್ಲಿ ಎರಡು ಸಾಲು ಇದೆ. ಒಂದು, ಪ್ರತಿ ವರ್ಷ 10 ಪರ್ಸೆಂಟ್ ಏರಿಸ್ತೀವಿ ಅಂತ, ಅಂದ್ರೆ ಮುಂದಿನ ವರ್ಷ 30,800, ಅದರ ಮುಂದಿನ ವರ್ಷ 33,880. ಇನ್ನೊಂದು, ಎದ್ದು ಓಡಾಡೋಕೆ ಆಗದೇ ಇದ್ರೆ 'ಹೈ ಕೇರ್' ಅಂತ ಬೇರೆ ಸ್ಲ್ಯಾಬ್, ಅದು ಈಗ್ಲೇ 38 ಸಾವಿರ. ಯಾವಾಗ ಆ ಸ್ಲ್ಯಾಬಿಗೆ ಹಾಕ್ತಾರೆ, ಅದನ್ನ ಯಾರು ನಿರ್ಧಾರ ಮಾಡ್ತಾರೆ, ಡಾಕ್ಟರಾ ಮ್ಯಾನೇಜರ್ರಾ, ಒಂದಕ್ಷರ ಬರೆದಿಲ್ಲ. ಇದನ್ನ ಬರೆಸಿಕೊಳ್ಳದೆ ಸೈನ್ ಹಾಕಬೇಡಿ. ಮೂಗಿನ ಪೈಪು, ಕ್ಯಾಥೆಟರ್ (ಮೂತ್ರದ ಪೈಪು) ಬಂದ್ರೆ ಇಟ್ಕೋತಾರಾ ಇಲ್ಲ ಕರ್ಕೊಂಡು ಹೋಗಿ ಅಂತಾರಾ, ಮರೆವಿನ ಕಾಯಿಲೆ ಬಂದು ರಾತ್ರಿ ಎದ್ದು ಓಡಾಡಿದ್ರೆ ಏನು ಮಾಡ್ತಾರೆ, ಇವನ್ನೂ ಬಾಯಲ್ಲಿ ಕೇಳಿ ಬರೋದಲ್ಲ, ಬರವಣಿಗೇಲಿ ತಗೊಳ್ಳಿ. ಎಷ್ಟೋ ಕಡೆ ಓಡಾಡೋ ತನಕ ಇಟ್ಕೊಂಡು, ಮಲಗಿದ ತಕ್ಷಣ ಮನೆಯವರಿಗೆ ಫೋನ್ ಮಾಡ್ತಾರೆ, ಆಗ ನೀವು ಬೆಂಗಳೂರಿಂದ ಓಡಿ ಬಂದು ಇನ್ನೊಂದು ಜಾಗ ಹುಡುಕಬೇಕು.

ಇನ್ನು ಆಸ್ಪತ್ರೇಲಿ ಅಡ್ಮಿಟ್ ಆಗಿರೋ ದಿನಗಳಿಗೂ ಪೂರ್ತಿ ಚಾರ್ಜ್ ಅಂತಿದೆ, ಊಟದ ದುಡ್ಡಾದ್ರೂ ಕಳೀರಿ ಅಂತ ಕೇಳಿ. ಡೆಪಾಸಿಟ್ ವಾಪಸ್ 'ಸೂಕ್ತ ಸಮಯದಲ್ಲಿ' ಅಂತ ಬರೆದಿದಾರೆ, ಅದನ್ನ ಹೊಡೆದು ಹಾಕಿ 30 ದಿನ ಅಂತ ಮಾಡಿಸಿ. ಜಿಎಸ್‌ಟಿ ವಿಷಯಾನೂ ಕೇಳಿ: ಇನ್‌ಕಮ್ ಟ್ಯಾಕ್ಸಲ್ಲಿ ರಿಜಿಸ್ಟರ್ ಆಗಿರೋ ಚಾರಿಟಬಲ್ ಟ್ರಸ್ಟ್ ನಡೆಸೋ ವೃದ್ಧಾಶ್ರಮ ಆದ್ರೆ, 60 ದಾಟಿದವರಿಗೆ ಊಟ ವಸತಿ ಎಲ್ಲಾ ಸೇರಿ ತಿಂಗಳಿಗೆ 25 ಸಾವಿರದ ತನಕ ಜಿಎಸ್‌ಟಿ ಇಲ್ಲ. ನಿಮ್ಮದು ಕಂಪನಿ ನಡೆಸೋದು, ಅದೂ 28 ಸಾವಿರ, ಹಂಗಾಗಿ ಆ ವಿನಾಯ್ತಿ ಬರಲ್ಲ. 28 ಅಂದ್ರೆ ಟ್ಯಾಕ್ಸ್ ಸೇರಿನಾ ಬಿಟ್ಟಾ ಅಂತ ಮೊದಲೇ ಬಾಯಿಬಿಡಿಸಿ.

ಹೋಮ್ ನೋಡೋಕೆ ಹೋಗೋದಾದ್ರೆ ಹೇಳಿ ಹೋಗಬೇಡಿ. ಬೆಳಿಗ್ಗೆ ಹತ್ತಕ್ಕೆ ಹೋದ್ರೆ ಎಲ್ಲಾ ಕಡೆ ಫಿನಾಯಿಲ್ ವಾಸನೆ, ಎಲ್ಲರಿಗೂ ಇಸ್ತ್ರಿ ಬಟ್ಟೆ. ಸಂಜೆ ಏಳರ ಮೇಲೆ ಹೋಗಿ, ಊಟದ ಹೊತ್ತು. ಮಲಗಿರೋರ ಪಕ್ಕ ನೀರಿನ ಲೋಟ ಎಲ್ಲಿದೆ ನೋಡಿ, ಕೈಗೆ ಸಿಗೋ ಕಡೆ ಇದೆಯಾ ಇಲ್ಲ ಕಿಟಕಿ ಮೇಲಿದೆಯಾ. ಮನೆಯವರು ಒಪ್ಪಿದ್ರೆ ಒಬ್ಬರ ಹಿಮ್ಮಡಿ ನೋಡಿ, ಬೆಡ್ ಸೋರ್ (ಮಲಗಿದ ಕಡೆನೇ ಮಲಗಿ ಆಗೋ ಹುಣ್ಣು) ಅಲ್ಲೂ ಆಗುತ್ತೆ, ಚರ್ಮ ಕೆಂಪಗೆ ಕಪ್ಪಗೆ ಆಗಿದ್ರೆ ಸರಿಯಾಗಿ ಮಗ್ಗುಲು ತಿರುಗಿಸ್ತಿಲ್ಲ ಅಂತ. ರಾತ್ರಿ ಡ್ಯೂಟೀಲಿ ಎಷ್ಟು ಜನ ಇರ್ತಾರೆ ಅನ್ನೋದನ್ನ ಮ್ಯಾನೇಜರ್ ಹತ್ರ ಕೇಳಬೇಡಿ, ಅಡುಗೆಮನೇಲಿ ಕೇಳಿ.

ಈಗ ದುಡ್ಡು ಎಲ್ಲಿಂದ ಅನ್ನೋದು. 18 ಲಕ್ಷ ಪೂರ್ತಿ ಎಫ್‌ಡೀಲಿ ಯಾಕೆ ಇಟ್ಟಿದೀರೋ. ಮೆಚ್ಯೂರ್ ಆದ ಹಾಗೆ 15 ಲಕ್ಷ ಅಮ್ಮನ ಹೆಸರಲ್ಲೇ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಿಗೆ ಹಾಕಿ, ಪೋಸ್ಟಾಫೀಸಲ್ಲೂ ಆಗುತ್ತೆ, ಬ್ಯಾಂಕಲ್ಲೂ ಆಗುತ್ತೆ. 2023ರ ಏಪ್ರಿಲ್‌ನಿಂದ ಒಬ್ಬರಿಗೆ 30 ಲಕ್ಷದ ತನಕ ಬಿಟ್ಟಿದಾರೆ. 8.2 ಪರ್ಸೆಂಟ್ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 30,750 ಬರುತ್ತೆ, ತಿಂಗಳಿಗೆ 10,250 ಆಯ್ತು. ಹಾಕೋ ದಿನ ಏನು ರೇಟ್ ಇರುತ್ತೋ ಅದೇ ಐದು ವರ್ಷಕ್ಕೂ, ಹಂಗಾಗಿ ಹಾಕೋ ಮುಂಚೆ ಕೌಂಟರಲ್ಲಿ ಕೇಳ್ಕೊಳ್ಳಿ. ಪೆನ್ಷನ್ 19, ಬಾಡಿಗೆ 7, ಇದು 10,250, ಒಟ್ಟು 36,250. ಮನೆ ಖರ್ಚಿಗೆ ಹತ್ತಿರ ಬಂತು, ಅಡುಗೆಯವರ ಸಂಬಳಕ್ಕೆ ಸ್ವಲ್ಪ ಕಮ್ಮಿ ಬೀಳುತ್ತೆ ಅಷ್ಟೇ, ಅದನ್ನ ಅಣ್ಣ ತಮ್ಮ ಅಂತ ನೀವಿಬ್ರು ನೋಡ್ಕೊಳ್ಳಿ. ಮಿಕ್ಕ 3 ಲಕ್ಷ ಎಫ್‌ಡೀಲೇ ಇರ್ಲಿ, ಅರ್ಧರಾತ್ರಿ ಆಸ್ಪತ್ರೆಗೆ ಬೇಕಾದ್ರೆ. ಫಿಸಿಯೋ ಶಾಶ್ವತ ಅಲ್ಲ, ಅದು ಕಮ್ಮಿ ಆದಾಗ ಉಸಿರಾಡೋಕೆ ಜಾಗ ಸಿಗುತ್ತೆ.

ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಡಿ. ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷ, ನಿಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ರೇಟಿನ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿರೋ ರೇಟು) 30 ಪರ್ಸೆಂಟು, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ತನಕ. ಎಮರ್ಜೆನ್ಸಿ ಅಲ್ದೇ ಇದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ, ನಿಮಗೆ ಮೆಗ್ಗಾನ್, ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಬರೆಸ್ಕೊಂಡು ಪ್ರೈವೇಟಿಗೆ. ಆದ್ರೆ ಒಂದು ತಿಳ್ಕೊಳ್ಳಿ, ಈ ಕಾರ್ಡು ಅಡ್ಮಿಟ್ ಆಗಿ ಮಾಡೋ ಚಿಕಿತ್ಸೆಗೆ, ಹೋಮಿನ ಫೀಸಿಗೂ ಹೋಮ್ ನರ್ಸ್ ಸಂಬಳಕ್ಕೂ ಒಂದು ಪೈಸೆ ಬರಲ್ಲ. ಮೊನ್ನೆ ಒಬ್ರು ಕಾರ್ಡ್ ತೋರಿಸಿದ್ರೆ ವೃದ್ಧಾಶ್ರಮದಲ್ಲಿ ಡಿಸ್ಕೌಂಟ್ ಕೊಡ್ತಾರಂತಲ್ಲ ಅಂತ ಕೇಳಿದ್ರು, ಎಲ್ಲಿಂದ ಹುಟ್ಟುತ್ತೋ ಇಂಥ ಸುದ್ದಿ.

ನನ್ನ ಅಭಿಪ್ರಾಯ ಕೇಳಿದ್ರಿ ಅಂತ ಹೇಳ್ತೀನಿ. ಅಮ್ಮನಿಗೆ ಬುದ್ಧಿ ನೆಟ್ಟಗಿದೆ, ಬರಲ್ಲ ಅಂತಿದಾರೆ, ಮನೆ ಸ್ವಂತದ್ದು. ಈಗ ಮನೇಲೇ ಇರ್ಲಿ. ಆ 2 ಲಕ್ಷ ಡೆಪಾಸಿಟ್ ಕಟ್ಟೋ ಬದಲು ಅದರಲ್ಲಿ ಒಂದು ಪಾಲು ಬಚ್ಚಲಿಗೆ ಹಾಕಿ. ನಮ್ಮ ಕಡೆ ಹಳೇ ಮನೆಗಳ ಬಚ್ಚಲು ಗೊತ್ತಲ್ಲ, ಒಂದು ಮೆಟ್ಟಿಲು ಕೆಳಗೆ, ರೆಡ್ ಆಕ್ಸೈಡ್ ನೆಲ, ಮಳೆಗಾಲ ಬಂತಂದ್ರೆ ನಾಲ್ಕು ತಿಂಗಳು ಪಾಚಿ. ನೆಲಕ್ಕೆ ಜಾರದ ಟೈಲ್ಸು, ಕಮೋಡ್ ಪಕ್ಕ ಗೋಡೆಗೆ ಡ್ರಿಲ್ ಹೊಡೆದು ಗಟ್ಟಿ ಸ್ಟೀಲ್ ಹಿಡಿ (ಅಂಟಿಸೋ ಪ್ಲಾಸ್ಟಿಕ್ ಬೇಡ, ಭಾರ ಬಿದ್ದ ಕೂಡ್ಲೇ ಕಿತ್ತು ಬರುತ್ತೆ), ಹೊಸ್ತಿಲು ಇದ್ರೆ ವಾಕರ್ ದಾಟೋ ಹಾಗೆ ಇಳಿಜಾರು, ಹಾಸಿಗೆಯಿಂದ ಬಚ್ಚಲ ತನಕ ರಾತ್ರಿ ಉರಿಯೋ ಸಣ್ಣ ಲೈಟು, ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಸ್ನಾನ. ಇಷ್ಟಾದ್ರೆ ಮತ್ತೆ ಬೀಳೋದು ಎಷ್ಟೋ ತಪ್ಪುತ್ತೆ, ಎರಡನೇ ಸಲ ಬಿದ್ರೆ ಮಾತ್ರ ವಾಕರ್ ಕೂಡ ಕೈಬಿಡುತ್ತೆ.

ಏಜೆನ್ಸಿ ಜೊತೆ ಮಾತಾಡೋವಾಗ ಬದಲಿ ಆಳಿನ ವಿಷಯ ಮೊದಲು. ನರ್ಸ್ ಊರಿಗೆ ಹೋದ್ರೆ, ಜ್ವರ ಬಂದ್ರೆ, ಹಬ್ಬ ಬಂದ್ರೆ ಎಷ್ಟು ಗಂಟೆ ಒಳಗೆ ಬೇರೆಯವರನ್ನ ಕಳಿಸ್ತಾರೆ, ಕಳಿಸದಿದ್ರೆ ಆ ದಿನದ ದುಡ್ಡು ಕಳೀತಾರಾ. 24 ಗಂಟೆ ಅಂದ್ರೆ 24 ಗಂಟೆ ಎದ್ದಿರ್ತಾರೆ ಅಂತಲ್ಲ, ಅವರೂ ಮನುಷ್ಯರು, ಮಲಗೋಕೆ ಒಂದು ಮಂಚ, ಒಂದು ಬೀಗ ಹಾಕೋ ಕಪಾಟು, ವಾರಕ್ಕೊಂದು ರಜೆ ಕೊಡಿ. ಆಧಾರ್ ಕಾಪಿ, ಪೊಲೀಸ್ ವೆರಿಫಿಕೇಷನ್ ಏಜೆನ್ಸಿಯಿಂದ ಕೇಳಿ. ಅಮ್ಮನ ಒಡವೆ ಲಾಕರಿಗೆ ಹೋಗ್ಲಿ, ಆಮೇಲೆ ಯಾರ ಮೇಲೂ ಅನುಮಾನ ಪಡೋ ಪ್ರಸಂಗ ಬರಲ್ಲ. ಹಂಗಂತ ಹೋಮ್ ವಿಚಾರ ಪೂರ್ತಿ ಕೈಬಿಡಬೇಡಿ, ಒಂದು ತಿಂಗಳ ಮಟ್ಟಿಗೆ ಇಟ್ಕೋತೀರಾ ಡೆಪಾಸಿಟ್ ಇಲ್ದೆ ಅಂತ ಕೇಳಿ, ಜಾಗ ಖಾಲಿ ಇದ್ರೆ ಒಪ್ಪಬಹುದು. ಆ ತಿಂಗಳು ಇದ್ದು ನೋಡ್ಲಿ ಅಮ್ಮ, ಹಿಡಿಸಿದ್ರೆ ಅವರೇ ಹೇಳ್ತಾರೆ.

ಪ್ರಶ್ನೆ: ನನಗೆ 71, ಮನೆಯವರಿಗೆ 66. ಭದ್ರಾವತೀಲಿ ಫ್ಯಾಕ್ಟರೀಲಿದ್ದೆ, ಇಪಿಎಸ್ ಪೆನ್ಷನ್ (ಪಿಎಫ್‌ನವರು ಕೊಡೋದು) 2,300 ಬರುತ್ತೆ. ಮಕ್ಕಳಿಲ್ಲ. ಹೋಮ್ ಗೀಮ್ ಎಲ್ಲಾ ನಮ್ಮ ಕೈಲಾಗೋದಲ್ಲ. ಸರ್ಕಾರದಿಂದ ಏನೇನು ಸಿಗುತ್ತೆ, ಸಂಧ್ಯಾ ಸುರಕ್ಷಾ ಬರುತ್ತಾ?

ಉತ್ತರ: ಸಂಧ್ಯಾ ಸುರಕ್ಷಾ 65 ದಾಟಿದವರಿಗೆ ತಿಂಗಳಿಗೆ 1,200, ಆದ್ರೆ ಬೇರೆ ಪೆನ್ಷನ್ ತಗೊಳ್ಳೋರಿಗಿಲ್ಲ, ಹಂಗಾಗಿ ನಿಮಗೆ ಬರಲ್ಲ ಸಾರ್. ಮನೆಯವರದ್ದು ಗಂಡ ಹೆಂಡತಿ ಆದಾಯ ಸೇರಿಸಿ ನೋಡ್ತಾರೆ, ನಾಡಕಚೇರೀಲಿ ಆದಾಯ ಪ್ರಮಾಣಪತ್ರ ಇಟ್ಟು ಕೇಳಿ, ಕೇಳೋಕೆ ಏನೂ ಖರ್ಚಿಲ್ಲ. ಗೃಹಲಕ್ಷ್ಮಿ 2,000 ಮನೆಯವರ ಹೆಸರಲ್ಲಿ ಬರ್ತಿಲ್ಲ ಅಂದ್ರೆ ಅದನ್ನ ಮೊದಲು ವಿಚಾರಿಸಿ.

ಸೇವಾಸಿಂಧುವಿನಲ್ಲಿ ಹಿರಿಯ ನಾಗರಿಕರ ಗುರುತಿನ ಚೀಟಿ ಮಾಡಿಸಿ. ಕೆಎಸ್‌ಆರ್‌ಟಿಸೀಲಿ ನಿಮಗೆ 25 ಪರ್ಸೆಂಟ್ ಕಮ್ಮಿ, ಮನೆಯವರಿಗೆ ಹೇಗೂ ಶಕ್ತಿ ಯೋಜನೇಲಿ ಆರ್ಡಿನರಿ ಬಸ್ಸಲ್ಲಿ ಫ್ರೀ. ರೈಲಲ್ಲಿದ್ದ ರಿಯಾಯ್ತಿ 2020ರ ಮಾರ್ಚಲ್ಲಿ ನಿಲ್ಲಿಸಿದ್ದು ಇನ್ನೂ ವಾಪಸ್ ಬಂದಿಲ್ಲ, ಲೋವರ್ ಬರ್ತ್ ಕೋಟಾ ಮಾತ್ರ ಇದೆ.

ಕಿವಿ ಮೆಷಿನ್, ಕನ್ನಡಕ, ಹಲ್ಲಿನ ಸೆಟ್ಟು, ವಾಕಿಂಗ್ ಸ್ಟಿಕ್, ವೀಲ್‌ಚೇರ್, ಇವಕ್ಕೆ ಕೇಂದ್ರದ ವಯೋಶ್ರೀ ಯೋಜನೆ ಇದೆ, 2017ರಿಂದ. ಬಿಪಿಎಲ್ ಇರ್ಬೇಕು ಇಲ್ಲಾ ತಿಂಗಳ ಆದಾಯ 15 ಸಾವಿರದ ಒಳಗೆ, ನೀವು ಬರ್ತೀರಿ. ಕ್ಯಾಂಪ್ ಮಾಡಿ ಅಳತೆ ತಗೊಂಡು ಆಮೇಲೆ ಕೊಡ್ತಾರೆ, ಕ್ಯಾಂಪ್ ಯಾವಾಗ ಅನ್ನೋದು ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಆಫೀಸಲ್ಲಿ ಗೊತ್ತಾಗುತ್ತೆ. ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸೋ ಉಚಿತ ವೃದ್ಧಾಶ್ರಮಗಳ ಬಗ್ಗೆಯೂ ಅಲ್ಲೇ ಕೇಳಬೇಕು. ನಾಳೆ ಬೇಕಾಗಬಹುದು ಅಂತ ಇವತ್ತೇ ಹೋಗಿ ನೋಡ್ಕೊಂಡು ಬನ್ನಿ, ಕೈಲಾಗದೇ ಇದ್ದಾಗ ಹುಡುಕೋಕೆ ಆಗಲ್ಲ. 14567 ಅಂತ ಒಂದು ಫೋನ್ ನಂಬರ್ ಇದೆ, ಎಲ್ಡರ್‌ಲೈನ್, ಫ್ರೀ, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ, ಅದನ್ನ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಡಿ.

ಮಕ್ಕಳಿಲ್ಲ ಅಂದ್ರಿ. ಮನೆ ಗಿನೆ ಇದ್ದು ಅದು ಮುಂದೆ ಅಣ್ಣನ ಮಗನಿಗೋ ಯಾರಿಗೋ ಹೋಗೋದಿದ್ರೆ, 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಆಸ್ತಿಗೆ ವಾರಸುದಾರ ಆಗೋ ಸಂಬಂಧಿಕರೂ ನಿಮ್ಮನ್ನ ನೋಡ್ಕೋಬೇಕು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಪ್ರಶ್ನೆ: ಸಾಗರದ ಹತ್ರ ಹಳ್ಳಿ. ಯಜಮಾನ್ರು ಹೋದ್ಮೇಲೆ 2021ರಲ್ಲಿ ಮನೆ, ಒಂದು ಎಕರೆ ತೋಟ ಮಗನಿಗೆ ದಾನಪತ್ರ ಮಾಡ್ಕೊಟ್ಟೆ. ನೋಡ್ಕೋತೀನಿ ಅಂದಿದ್ದ. ಈಗ ಸೊಸೆ ಮಾತಾಡಲ್ಲ, ಊಟಕ್ಕೆ ಕರೆಯಲ್ಲ, ಮಗ ನಿನಗೆ ವೃದ್ಧಾಶ್ರಮ ಹುಡುಕ್ತೀನಿ ಅಂತಾನೆ, ಅದರ ದುಡ್ಡನ್ನೂ ಮಗಳ ಹತ್ರ ಕೇಳು ಅಂತಾನೆ. ದಾನಪತ್ರ ವಾಪಸ್ ತಗೊಳ್ಳೋಕೆ ಆಗುತ್ತಾ?

ಉತ್ತರ: ಆಗಬಹುದು ಅಮ್ಮ, ಆದ್ರೆ ಪತ್ರದಲ್ಲಿ ಏನು ಬರೆದಿದೆ ಅನ್ನೋದರ ಮೇಲೆ. ಅದೇ 2007ರ ಕಾಯ್ದೆಯ 23ನೇ ಸೆಕ್ಷನ್ ಹೇಳೋದು, ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ತಗೊಂಡವರು ನೋಡ್ಕೊಳ್ಳದೇ ಹೋದ್ರೆ ಆ ಪತ್ರ ರದ್ದು ಮಾಡಬಹುದು ಅಂತ. 'ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ' ಅಂತ ಮಾತ್ರ ಇದ್ರೆ ಕಷ್ಟ, 2022ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇತ್ತು ಅಂತ ತೋರಿಸ್ಲೇಬೇಕು ಅಂದಿದೆ. 2025ರ ಜನವರೀಲಿ ಅದೇ ಕೋರ್ಟು ಇನ್ನೊಂದು ಕೇಸಲ್ಲಿ ಈ ಕಾನೂನನ್ನ ಹಿರಿಯರಿಗೆ ಅನುಕೂಲ ಆಗೋ ಹಾಗೆ ಓದಬೇಕು ಅಂತ ಹೇಳಿ ತಾಯಿಗೆ ಆಸ್ತಿ ವಾಪಸ್ ಕೊಡಿಸಿತು, ಅಲ್ಲಿ ಮಗ ಕೊನೇ ತನಕ ನೋಡ್ಕೋತೀನಿ ಅಂತ ಬೇರೆ ಪತ್ರ ಬರೆದುಕೊಟ್ಟಿದ್ದ. ಹಂಗಾಗಿ ದಾನಪತ್ರ ಮಾತ್ರ ಅಲ್ಲ, ಆ ಟೈಮಲ್ಲಿ ಬರೆದ ಯಾವುದೇ ಚೀಟಿ, ಪಂಚಾಯ್ತಿ ಮಾಡಿದ ಕಾಗದ ಇದ್ರೂ ಹುಡುಕಿ ಇಟ್ಕೊಳ್ಳಿ.

ಅರ್ಜಿ ಕೊಡೋದು ಎಸಿಯವರಿಗೆ, ಅಂದ್ರೆ ಉಪವಿಭಾಗಾಧಿಕಾರಿಗೆ. ನಿಮಗೆ ಸಾಗರದಲ್ಲೇ ಎಸಿ ಆಫೀಸ್ ಇದೆ, ಶಿವಮೊಗ್ಗಕ್ಕೆ ಬರಬೇಕಾಗಿಲ್ಲ. ಲಾಯರ್ ಇಲ್ದೆ ಬಿಳಿ ಹಾಳೇಲಿ ನೀವೇ ಬರೆದು ಕೊಡಬಹುದು, ಮಗಳ ಕೈಲೂ ಕೊಡಿಸಬಹುದು. ದಾನಪತ್ರ ರದ್ದಾಗ್ಲಿ ಬಿಡ್ಲಿ, ಅದೇ ಅರ್ಜೀಲಿ ಜೀವನಾಂಶನೂ ಕೇಳಿ, ತಿಂಗಳಿಗೆ 10 ಸಾವಿರದ ತನಕ ಆರ್ಡರ್ ಮಾಡೋ ಅಧಿಕಾರ ಅವರಿಗಿದೆ. ನೋಟಿಸ್ ಹೋದ್ಮೇಲೆ 90 ದಿನದಲ್ಲಿ ಮುಗಿಸ್ಬೇಕು ಅಂತ ಕಾನೂನು, ಎಳೆದಾಟ ಇದ್ದೇ ಇರುತ್ತೆ ಅನ್ನಿ. ಮಗಳು ಕೊಡಬೇಕು ಅನ್ನೋ ಮಾತಿಗೆ ಹೇಳೋದಾದ್ರೆ, ಕಾನೂನಲ್ಲಿ ಮಗಳಿಗೂ ಜವಾಬ್ದಾರಿ ಇದೆ ನಿಜ, ಆದ್ರೆ ತೋಟ ಉಣ್ಣೋನು ಇವನು.

ಇದನ್ನ ಓದ್ತಿರೋ ಬೇರೆಯವರಿಗೂ ಒಂದು ಮಾತು. ಬದುಕಿದ್ದಾಗ ಬರೆದುಕೊಡೋ ಆತುರ ಬೇಡ, ವಿಲ್ ಮಾಡಿ, ವಿಲ್ ಆದ್ರೆ ಬೇಕಾದಾಗ ಬದಲಾಯಿಸಬಹುದು. ಕೊಡಲೇಬೇಕು ಅಂದ್ರೆ ಊಟ, ಬಟ್ಟೆ, ಔಷಧಿ, ಸಾಯೋ ತನಕ ಅದೇ ಮನೇಲಿ ವಾಸದ ಹಕ್ಕು, ತಪ್ಪಿದ್ರೆ ಪತ್ರ ರದ್ದು, ಇಷ್ಟನ್ನೂ ಬಾಂಡ್ ರೈಟರ್ ಹತ್ರ ಬಿಡಿಸಿ ಬರೆಸಿ, ಅವರು ಹಳೇ ಫಾರ್ಮ್ಯಾಟಲ್ಲೇ ಮುಗಿಸೋಕೆ ನೋಡ್ತಾರೆ.

ಪ್ರಶ್ನೆ: ತೀರ್ಥಹಳ್ಳಿ. ಅಪ್ಪನಿಗೆ 80, ಇತ್ತೀಚೆಗೆ ಮರೆವು ಜಾಸ್ತಿ, ಕೇಳಿದ್ದನ್ನೇ ಕೇಳ್ತಾರೆ. ಬ್ಯಾಂಕ್ ಕೆಲಸಕ್ಕೆಲ್ಲ ನನ್ನ ಹೆಸರಿಗೆ ಜಿಪಿಎ (ಅವರ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಮಾಡಿಸಿಬಿಟ್ರೆ ಮುಂದೆ ತೊಂದ್ರೆ ಇಲ್ಲ ಅಲ್ವಾ? ಪ್ರತಿ ವರ್ಷ ಪೆನ್ಷನ್ ಸರ್ಟಿಫಿಕೇಟಿಗೆ ಕರ್ಕೊಂಡು ಹೋಗೋದೂ ಕಷ್ಟ ಆಗಿದೆ.

ಉತ್ತರ: ತೊಂದ್ರೆ ಇದೆ. ಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇರೋ ತನಕ ಮಾತ್ರ ಜಿಪಿಎ ನಡೆಯೋದು, ಅದು ಹೋಯ್ತು ಅಂದ್ರೆ ಜಿಪಿಎ ಕೂಡ ಹೋಯ್ತು. ಆಮೇಲೆ ಗಾರ್ಡಿಯನ್ ಮಾಡ್ಕೊಡಿ ಅಂತ ಕೋರ್ಟಿಗೆ ಅಲೆಯೋ ಪರಿಸ್ಥಿತಿ. ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಬಿ12 ಕಮ್ಮಿ ಇದ್ರೂ ಥೈರಾಯ್ಡ್ ಇದ್ರೂ ಮರೆವು ಬರುತ್ತೆ, ಅದು ವಾಸಿ ಆಗೋ ಮರೆವು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್ ಶುರು ಮಾಡಿದೆ, ಮೆಗ್ಗಾನಲ್ಲಿ ಅದರ ಓಪಿಡಿ ಯಾವ ದಿನ ಅಂತ ವಿಚಾರಿಸಿ.

ಈಗ ಅವರು ಹೇಳಿದ್ದು ತಿಳ್ಕೊಂಡು ಸೈನ್ ಹಾಕೋ ಸ್ಥಿತೀಲಿ ಇದ್ರೆ, ಅಕೌಂಟಿಗೂ ಎಫ್‌ಡಿಗೂ ಜಾಯಿಂಟ್ ಹೆಸರು ಹಾಕಿಸಿ, ನಿಮ್ಮಿಬ್ರಲ್ಲಿ ಯಾರಾದ್ರೂ ಒಬ್ರು ತೆಗೆಯೋ ಹಾಗೆ, ನಾಮಿನೇಷನ್ ಎಲ್ಲಾ ಕಡೆ ಇದೆಯಾ ನೋಡಿ, ವಿಲ್ ಮಾಡೋದಿದ್ರೆ ಇಂಥ ದಿನ ಅಪ್ಪ ಸ್ವಸ್ಥವಾಗಿದ್ರು ಅಂತ ಡಾಕ್ಟರ್ ಸರ್ಟಿಫಿಕೇಟ್ ಜೊತೆ ಇಟ್ಟು ಮಾಡಿ. ಅಣ್ಣ ತಂಗಿ ಯಾರಾದ್ರೂ ಇದ್ರೆ ಅವರಿಗೆ ಗೊತ್ತಿದ್ದೇ ಮಾಡಿ, ಆಮೇಲೆ ಅಪ್ಪನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸ್ಕೊಂಡ ಅನ್ನೋ ಮಾತು ಬೇಡ.

ಸರ್ಟಿಫಿಕೇಟಿಗೆ ಅವರನ್ನ ಎಲ್ಲೂ ಕರ್ಕೊಂಡು ಹೋಗಬೇಡಿ. ಮೊಬೈಲಲ್ಲಿ ಜೀವನ್ ಪ್ರಮಾಣ್ ಆ್ಯಪ್ ಹಾಕಿ ಮುಖ ತೋರಿಸಿದ್ರೆ ಮನೇಲೇ ಆಗುತ್ತೆ. ನೆಟ್‌ವರ್ಕ್ ಇಲ್ಲ, ಆ್ಯಪ್ ಗೊತ್ತಾಗಲ್ಲ ಅಂದ್ರೆ ಪೋಸ್ಟ್‌ಮ್ಯಾನ್‌ಗೆ ಹೇಳಿ, ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನವರು ಮನೆಗೇ ಬಂದು ಬೆರಳಚ್ಚು ತಗೊಂಡು ಮಾಡ್ಕೊಡ್ತಾರೆ, ಚಾರ್ಜ್ 70 ರೂಪಾಯಿ. ಆಧಾರ್, ಪಿಪಿಒ ನಂಬರ್ (ಪೆನ್ಷನ್ ಆದೇಶದ ನಂಬರ್), ಪೆನ್ಷನ್ ಬರೋ ಬ್ಯಾಂಕಿನ ಪಾಸ್‌ಬುಕ್, ಆಧಾರಿಗೆ ಲಿಂಕ್ ಆಗಿರೋ ಮೊಬೈಲು, ಇಷ್ಟು ಎದುರಿಗಿಟ್ಕೊಂಡಿರಿ. ತೋಟದ ಕೆಲಸ ಮಾಡಿದ ಕೈ ಆದ್ರೆ ಬೆರಳಚ್ಚು ಒಂದೇ ಸಲಕ್ಕೆ ಬರದೇ ಇರಬಹುದು, ಬಿಸಿನೀರಲ್ಲಿ ತೊಳೆದು ಒರೆಸಿ ಮತ್ತೆ ಇಡಿಸಿ.